ಹವಾಮಾನದ ಟಿಪ್ಪಿಂಗ್ ಪಾಯಿಂಟ್‌ಗಳು: ವ್ಯಾಖ್ಯಾನ ಮತ್ತು ಸಂವಹನ

ಟಿಪ್ಪಿಂಗ್ ಪಾಯಿಂಟ್ ಎಂಬ ಪರಿಕಲ್ಪನೆಗೆ ಹವಾಮಾನ ವಿಜ್ಞಾನದಲ್ಲಿ ಖಚಿತ ಚೌಕಟ್ಟು ಒದಗಿದ್ದು ಟಿಮ್ ಲೆಂಟನ್ ಮತ್ತು ಸಂಗಡಿಗರ 2008ರ ಪ್ರಬಂಧದಿಂದ. ಭೂವ್ಯವಸ್ಥೆಯ ದೊಡ್ಡ ಅಂಗವೊಂದು ನಿರ್ಣಾಯಕ ಮಿತಿಯ ಸಮೀಪ ಬಂದಾಗ, ಅಲ್ಪ ಏರುಪೇರು ಕೂಡ ಅದರ ಸ್ಥಿತಿಯನ್ನೇ ಬದಲಿಸಬಲ್ಲದು ಎಂಬುದು ಅದರ ತಿರುಳು. ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿಯಾದ ಐಪಿಸಿಸಿಯ 2021ರ ವರದಿಯ ಪ್ರಕಾರ ಈ ಬದಲಾವಣೆ ಅನೇಕ ವೇಳೆ ಹಠಾತ್ತಾಗಿ ಅಥವಾ ಹಿಂದಿರುಗಿಸಲಾಗದಂತೆ ನಡೆಯುತ್ತದೆ. ಎಲ್ಲ ಕಡೆಯೂ ಹಾಗೇ ಆಗಬೇಕೆಂದಿಲ್ಲ. ಆದ್ದರಿಂದ ಮಿತಿ, ವೇಗ, ಮರಳುವ ಸಾಧ್ಯತೆ ಈ ಮೂರನ್ನೂ ಬಿಡಿಸಿ ಹೇಳದಿದ್ದರೆ ಓದುಗರಿಗೆ ತಪ್ಪು ಚಿತ್ರಣ ಸಿಗುತ್ತದೆ ಎಂಬುದು ಈ ಲೇಖನದ ವಾದ.

ಗ್ರೀನ್‌ಲ್ಯಾಂಡಿನ ಹಿಮಹಾಸು ಕರಗಿದಂತೆ ಅದರ ಮೇಲ್ಮೈ ತಗ್ಗಿ, ಹೆಚ್ಚು ಬೆಚ್ಚಗಿನ ಗಾಳಿಗೆ ಒಡ್ಡಿಕೊಂಡು ಇನ್ನಷ್ಟು ಕರಗುತ್ತದೆ. ಆರ್ಮ್‌ಸ್ಟ್ರಾಂಗ್ ಮೆಕೇ ಮತ್ತು ಸಂಗಡಿಗರು 2022ರಲ್ಲಿ ಇದರ ಮಿತಿಯನ್ನು ಸುಮಾರು 1.5 ಡಿಗ್ರಿ ತಾಪ ಏರಿಕೆ ಎಂದು ಅಂದಾಜಿಸಿದರು. ಆದರೆ ಅಂದಾಜಿನ ವ್ಯಾಪ್ತಿ 0.8ರಿಂದ 3 ಡಿಗ್ರಿ. ಪೂರ್ತಿ ಕರಗಿದರೆ ಸಮುದ್ರಮಟ್ಟ ಸುಮಾರು 7 ಮೀಟರ್ ಏರುತ್ತದೆ, ಅದಕ್ಕೆ ಸಾವಿರಾರು ವರ್ಷ ಹಿಡಿಯುತ್ತದೆ. ಮಿತಿ ಹತ್ತಿರ, ಪರಿಣಾಮ ನಿಧಾನ. ಆರ್ಕ್ಟಿಕ್‌ನ ಬೇಸಿಗೆಯ ಸಮುದ್ರಹಿಮ ಇದಕ್ಕೆ ವಿರುದ್ಧ: ಕ್ಷೀಣಿಸುವುದು ಬೇಗ, ಆದರೆ ತಾಪ ಇಳಿದರೆ ಮರಳಿ ಬರಬಲ್ಲದು.

ಸಂವಹನದ ತೊಡಕು ಢಾಳಾಗಿ ಕಂಡದ್ದು ಅಟ್ಲಾಂಟಿಕ್ ಸಾಗರದ ಉತ್ತರ-ದಕ್ಷಿಣ ಪರಿಚಲನೆಯ ವಿಷಯದಲ್ಲಿ. ಸಿಹಿನೀರು ಸೇರುತ್ತ ಹೋದರೆ ಇಂಥ ಪರಿಚಲನೆ ಕುಸಿಯಬಹುದೆಂದು ಹೆನ್ರಿ ಸ್ಟೊಮ್ಮೆಲ್ 1961ರಲ್ಲೇ ಸರಳ ಮಾದರಿಯಿಂದ ತೋರಿಸಿದ್ದರು. 2100ರೊಳಗೆ ಹಠಾತ್ ಕುಸಿತ ಆಗಲಾರದು ಎಂದು ಐಪಿಸಿಸಿ 2021ರಲ್ಲಿ ಮಧ್ಯಮ ಮಟ್ಟದ ವಿಶ್ವಾಸದಿಂದ ಹೇಳಿತು. 2023ರಲ್ಲಿ ಡಿಟ್ಲೆವ್‌ಸೆನ್ ಎಂಬ ಸಂಶೋಧಕ ಸಹೋದರ-ಸಹೋದರಿ ಕುಸಿತದ ಕಾಲವನ್ನು 2025ರಿಂದ 2095ರ ನಡುವೆ ಅಂದಾಜಿಸಿದರು. ಆ ಅಂದಾಜು ಸಮುದ್ರಮೇಲ್ಮೈಯ ಉಷ್ಣತೆಯನ್ನು ಪರೋಕ್ಷ ಸೂಚಕವಾಗಿ ಬಳಸಿತ್ತು, ಪರಿಚಲನೆಯನ್ನು 26.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಸತತವಾಗಿ ನೇರ ಅಳೆಯತೊಡಗಿದ್ದೇ 2004ರಿಂದ. ಆಧಾರಗ್ರಹಿಕೆಗಳನ್ನು ಕೈಬಿಟ್ಟು 2025 ಎಂಬ ಇಸವಿಯನ್ನಷ್ಟೇ ಶೀರ್ಷಿಕೆಗೆ ಏರಿಸಿದರೆ ಅದು ವಿಜ್ಞಾನವಲ್ಲ.

ಪ್ಯಾರಿಸ್ ಒಪ್ಪಂದದ 1.5 ಡಿಗ್ರಿಯೂ ಹೀಗೇ ಪ್ರಪಾತದ ಅಂಚೆಂದು ಬಿಂಬಿತವಾಗುತ್ತಿದೆ. ಅದು ರಾಷ್ಟ್ರಗಳು ಒಪ್ಪಿಕೊಂಡ ಗುರಿ. ಅದನ್ನು ದಾಟಿದ ಬಳಿಕವೂ ತಡೆದ ಪ್ರತಿ ಹತ್ತನೇ ಒಂದು ಡಿಗ್ರಿ ಹಾನಿಯನ್ನು ತಗ್ಗಿಸುತ್ತದೆ. ಟಿಪ್ಪಿಂಗ್ ಪಾಯಿಂಟ್ ಎಂಬ ಪರಿಭಾಷೆಯೇ ಗೊಂದಲ ಹುಟ್ಟಿಸಿ, ತುರ್ತು ಕ್ರಮದಿಂದ ಗಮನ ಬೇರೆಡೆಗೆ ಸೆಳೆಯಬಲ್ಲದು ಎಂದು ರಾಬರ್ಟ್ ಕಾಪ್ ಮತ್ತು ಸಂಗಡಿಗರು 2024ರಲ್ಲಿ ಆಕ್ಷೇಪಿಸಿದರು. ಆಕ್ಷೇಪ ಸಕಾರಣವಾದುದು, ಆದರೆ ಪರಿಕಲ್ಪನೆಯನ್ನು ಕೈಬಿಡುವುದು ಪರಿಹಾರವಲ್ಲ. ಹಿಮಹಾಸುಗಳ ಅಪಾಯವನ್ನು ಅದಿಲ್ಲದೆ ವಿವರಿಸಲಾಗದು.

ನಮ್ಮ ಮುಂಗಾರು ಲೆಂಟನ್ ತಂಡದ 2008ರ ಪಟ್ಟಿಯಲ್ಲಿತ್ತು, ಆರ್ಮ್‌ಸ್ಟ್ರಾಂಗ್ ಮೆಕೇ ತಂಡದ 2022ರ ಹದಿನಾರು ಅಂಗಗಳ ಪಟ್ಟಿಯಲ್ಲಿಲ್ಲ. ಹಾಗೆಂದು ಮಳೆಯ ಬದಲಾವಣೆ ನಿರಪಾಯಕಾರಿಯೇನಲ್ಲ. ಕನ್ನಡದಲ್ಲಿ ಈ ವಿಷಯ ಬರೆಯುವವರು ಯಾವ ಅಂಗ, ಎಷ್ಟು ತಾಪಕ್ಕೆ, ಎಷ್ಟು ಕಾಲದಲ್ಲಿ, ಎಷ್ಟು ವಿಶ್ವಾಸದಿಂದ ಎಂಬ ನಾಲ್ಕನ್ನೂ ತಪ್ಪದೆ ತಿಳಿಸಬೇಕು.