'ಯೆಸ್ಟರ್‌ಡೇ' ಜೊತೆ 'ಹ್ಯಾವ್' ಯಾಕೆ ಸೇರಲ್ಲ?

"ಐ ಹ್ಯಾವ್ ಸೆಂಟ್ ದ ಮೇಲ್ ಯೆಸ್ಟರ್‌ಡೇ." ಇಂಟರ್‌ವ್ಯೂನಲ್ಲಿ ಇಂಥ ವಾಕ್ಯ ಬಾಯಿಂದ ಜಾರಿದ್ರೆ ಮುಗೀತು, ಇಂಗ್ಲಿಷ್ ಬರಲ್ಲ ಅಂತ ಹಣೆಪಟ್ಟಿ. ಆದ್ರೆ ಕನ್ನಡದಲ್ಲಿ "ನಿನ್ನೆನೇ ಮೇಲ್ ಕಳ್ಸಿದ್ದೀನಿ ಸರ್" ಅನ್ನೋದು ಎಷ್ಟು ಸಹಜ ಅಲ್ವಾ? ನಾವು ಅದನ್ನೇ ಇಂಗ್ಲಿಷಿಗೆ ದಾಟಿಸ್ತೀವಿ. ಇದು ದಡ್ಡತನ ಅಲ್ಲ. ಇಂಗ್ಲಿಷಿನ ಅಕ್ಕತಂಗಿ ಭಾಷೆಗಳೂ ಇದನ್ನೇ ಮಾಡಿವೆ.

ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕೆ ಎರಡೇ ಕಾಲರೂಪ: ವರ್ತಮಾನ, ಭೂತ. "ಬರೆದೆ", "ಬರೆದಿದ್ದೇನೆ" ಎರಡಕ್ಕೂ ಬಹುಮಟ್ಟಿಗೆ ಒಂದೇ ಭೂತಕಾಲ ಸಾಕಾಗ್ತಿತ್ತು. "ಹ್ಯಾವ್" ಅಂದ್ರೆ ಮೂಲತಃ ನನ್ನ ಹತ್ರ ಇದೆ ಅಂತ. ಬರೆದು ಮುಗಿಸಿದ ಪತ್ರ ನನ್ನ ಹತ್ರ ಇದೆ, ಈ ಥರದ ಮಾತಿನಿಂದಲೇ ಮೆಲ್ಲಗೆ "ಪತ್ರ ಬರೆದಿದ್ದೇನೆ" ಅನ್ನೋ ಅರ್ಥ ಹುಟ್ಟಿತು. ಮಾಲೀಕತ್ವ ಸವೆದುಹೋಯ್ತು, "ಈಗ" ಅನ್ನೋದು ಉಳೀತು. ನಮ್ಮದನ್ನೂ ಬಿಡಿಸಿ ನೋಡಿ: ಬರೆದು, ಇದ್ದೇನೆ. ಅಲ್ಲಿ ಹ್ಯಾವ್, ಇಲ್ಲಿ ಇರು. ಅಷ್ಟೇ ಅಲ್ಲ, ಹೋಗು-ಬರು ಥರದ ಕ್ರಿಯೆಗಳಿಗೆ ಶೇಕ್ಸ್‌ಪಿಯರ್ ಕಾಲದ ಇಂಗ್ಲಿಷರೂ "ಹಿ ಈಸ್ ಕಮ್" ಅಂತಿದ್ರು!

ಫ್ರೆಂಚ್‌ಗೂ ತನ್ನದೇ 'ಹ್ಯಾವ್' ಇದೆ. 1660ರಲ್ಲಿ ಬಂದ ಪೋರ್ಟ್ ರಾಯಲ್ ವ್ಯಾಕರಣ ಒಂದು ರೂಲ್ ಹಾಕಿತ್ತು: ಇವತ್ತು ನಡೆದದ್ದಕ್ಕೆ ಹ್ಯಾವ್ ರೂಪ, ನಿನ್ನೆ ಮತ್ತು ಅದಕ್ಕೂ ಹಿಂದಿನದಕ್ಕೆ ಸಾದಾ ಭೂತಕಾಲ. ಜನ ಕೇಳಿದ್ರಾ? ಇಲ್ಲ. ಇವತ್ತು ಮಾತಿನ ಫ್ರೆಂಚ್‌ನಲ್ಲಿ ಆ ಸಾದಾ ಭೂತಕಾಲ ಹೆಚ್ಚುಕಮ್ಮಿ ಸತ್ತೇಹೋಗಿದೆ, ಕಾದಂಬರಿಗಳಲ್ಲಿ ಸಿಗುತ್ತೆ. ಜರ್ಮನ್ನರೂ ಮಾತಾಡುವಾಗ "ನಿನ್ನೆ ನೋಡಿದ್ದೇನೆ" ಅಂತ ಆರಾಮಾಗಿ ಹೇಳ್ತಾರೆ. ಇಂಗ್ಲಿಷ್ ಮಾತ್ರ ನಡುವೆ ಬೇಲಿ ಹಾಕಿಕೊಂಡಿತು.

ಆ ಬೇಲಿ ಎಲ್ಲಿದೆ? ನಮ್ಮ ಬಿ.ಕಾಂ ಭಾಷೆಯಲ್ಲಿ ಹೇಳ್ತೀನಿ. ಸಾದಾ ಭೂತಕಾಲ ಅಂದ್ರೆ ಜರ್ನಲ್ ಎಂಟ್ರಿ, ಯಾವತ್ತು ನಡೀತು ಅನ್ನೋದೇ ಮುಖ್ಯ. ಪ್ರೆಸೆಂಟ್ ಪರ್ಫೆಕ್ಟ್ ಅಂದ್ರೆ ಇವತ್ತಿನ ಬ್ಯಾಲೆನ್ಸ್. "ಐ ಲಾಸ್ಟ್ ಮೈ ಕೀ" ಅಂದ್ರೆ ಕೀ ಕಳೀತು, ಆಮೇಲೆ ಸಿಕ್ಕಿರಲೂಬಹುದು. "ಐ ಹ್ಯಾವ್ ಲಾಸ್ಟ್ ಮೈ ಕೀ" ಅಂದ್ರೆ ಸಾಮಾನ್ಯವಾಗಿ ಇನ್ನೂ ಬಾಗಿಲ ಹೊರಗೇ ನಿಂತಿದ್ದೀನಿ ಅಂತ.

ಇಷ್ಟಾದ್ರೂ ಅಮೆರಿಕನ್ನರು "ಐ ಆಲ್ರೆಡಿ ಏಟ್" ಅಂತಾರೆ. ಹಳೇ ಬ್ರಿಟಿಷ್ ಲೆಕ್ಕದಲ್ಲಿ ಅಲ್ಲಿ ಹ್ಯಾವ್ ಬೇಕು. ಅವರು ಹೇಳಿದ್ರೆ ಸ್ಟೈಲ್, ನಾವು ಎಡವಿದ್ರೆ ತಪ್ಪು. ಇದು ನ್ಯಾಯವಲ್ಲ, ಆದ್ರೆ ಕೆಲಸ ಬೇಕಲ್ಲ! ಹಾಗಾಗಿ ನಾಳೆ ಮೇಲ್‌ನಲ್ಲಿ 'ಯೆಸ್ಟರ್‌ಡೇ' ಬರೆದಿದ್ರೆ 'ಹ್ಯಾವ್' ಅಳಿಸಿ ಕಳ್ಸಿ: "ಐ ಸೆಂಟ್ ಇಟ್ ಯೆಸ್ಟರ್‌ಡೇ."