ಶಾಲೆ ಬಿಟ್ಟು ಹಳ್ಳಿ ಓದಿದ ಗೊರೂರು

‘ಭೂತಯ್ಯನ ಮಗ ಅಯ್ಯು’ ಸಿನಿಮಾ ನೋಡದವರು ನಮ್ಮ ಕಡೆ ಕಡಿಮೆ. 1974ರಲ್ಲಿ ಬಂದ ಆ ಚಿತ್ರದ ಮೂಲ ಕತೆ ಗೊರೂರು ರಾಮಸ್ವಾಮಿ ಅಯ್ಯಂಗಾರರದು. ನಮ್ಮ ಹೊಳೆನರಸೀಪುರದಿಂದ ಹೇಮಾವತಿ ಹೊಳೆಯ ಜಾಡು ಹಿಡಿದು ಮೇಲಕ್ಕೆ ಹೋದರೆ ಗೊರೂರು ಸಿಗುತ್ತದೆ. 1904ರ ಜುಲೈ 4ರಂದು ಅವರು ಹುಟ್ಟಿದ್ದು ಅಲ್ಲೇ.

ಊರಿನಲ್ಲಿ ಓದಿ ಹೈಸ್ಕೂಲಿಗೆ ಹಾಸನಕ್ಕೆ ಬಂದರು. 1920ರಲ್ಲಿ ಗಾಂಧೀಜಿ ಅಸಹಕಾರ ಚಳವಳಿ ಶುರು ಮಾಡಿದರು. ಸರ್ಕಾರಿ ಶಾಲೆ, ಕೋರ್ಟು, ಬಿರುದು, ವಿದೇಶಿ ಬಟ್ಟೆ ಎಲ್ಲವನ್ನೂ ಬಿಡಿ ಎಂಬುದು ಅವರ ಕರೆ. ಆಗ ನಮ್ಮ ಸೀಮೆ ಬ್ರಿಟಿಷರ ನೇರ ಆಡಳಿತದಲ್ಲಿರಲಿಲ್ಲ, ಮೈಸೂರು ಮಹಾರಾಜರ ಸಂಸ್ಥಾನಕ್ಕೆ ಸೇರಿತ್ತು. ಆದರೂ ಆ ಕರೆ ಇಲ್ಲಿಗೂ ಮುಟ್ಟಿತು. ರಾಮಸ್ವಾಮಿ ಶಾಲೆ ಬಿಟ್ಟರು.

ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ನಾಲ್ಕಕ್ಷರ ಇಂಗ್ಲಿಷ್ ಕಲಿತವರಿಗೆ ಗುಮಾಸ್ತೆ ಕೆಲಸವೋ ಮೇಷ್ಟರ ಕೆಲಸವೋ ಸಿಗುತ್ತಿತ್ತು, ತಿಂಗಳ ಸಂಬಳ ಬರುತ್ತಿತ್ತು. ಓದು ಬಿಡುವುದೆಂದರೆ ಆ ಸಂಬಳದ ಆಸೆಗೆ ಎಳ್ಳುನೀರು ಬಿಟ್ಟಂತೆ.

ಆದರೆ ಅವರು ಸುಮ್ಮನೆ ಕೂರಲಿಲ್ಲ. ಗಾಂಧೀಜಿ ಸ್ಥಾಪಿಸಿದ್ದ ಅಹಮದಾಬಾದಿನ ಗುಜರಾತ್ ವಿದ್ಯಾಪೀಠದಲ್ಲಿ ಕಲಿತರು. ಮದರಾಸಿನಲ್ಲಿ ಪತ್ರಿಕೆ ಕೆಲಸ ಮಾಡಿದರು, ಕೆಂಗೇರಿಯ ಗುರುಕುಲ ಆಶ್ರಮದಲ್ಲಿದ್ದರು, ಖಾದಿ ಕೆಲಸಕ್ಕೂ ಇಳಿದರು. ಖಾದಿ ಎಂದರೆ ಬರೀ ಭಾಷಣವಲ್ಲ. ಮನೆಮನೆಗೆ ಹತ್ತಿ ಮುಟ್ಟಿಸಬೇಕು, ನೂತ ನೂಲು ತೂಗಬೇಕು, ಕೂಲಿ ಲೆಕ್ಕ ಹಾಕಬೇಕು. ಜನರ ಜಗಲಿಯ ಮೇಲೆ ಕೂತು ಅವರ ಕಷ್ಟಸುಖ ಕೇಳದೆ ಆ ಕೆಲಸ ನಡೆಯುವುದಿಲ್ಲ.

1930ರಲ್ಲಿ ಅವರ ‘ಹಳ್ಳಿಯ ಚಿತ್ರಗಳು’ ಬಂತು. ರಾಜರ ಕತೆಯಲ್ಲ, ದೇವರ ಕತೆಯೂ ಅಲ್ಲ. ನಮ್ಮ ನಿಮ್ಮಂಥವರ ಮಾತು, ಜಗಳ, ನಗು. ಹಳ್ಳಿ ಜನರೂ ಪುಸ್ತಕಕ್ಕೆ ಬರಲು ಯೋಗ್ಯರು ಎಂಬ ನಂಬಿಕೆ ಅವರ ರಾಜಕೀಯದಿಂದಲೇ ಗಟ್ಟಿಯಾಯಿತು ಅನ್ನುವುದು ನಮ್ಮ ಅನಿಸಿಕೆ. ಗಾಂಧೀಜಿಯ ಆತ್ಮಕಥೆಯನ್ನು ಕನ್ನಡಕ್ಕೆ ತಂದವರೂ ಅವರೇ. 1942ರ ಚಳವಳಿಯಲ್ಲಿ ಜೈಲಿಗೂ ಹೋದರು.

ಮಕ್ಕಳೇ, ನೀವೂ ಶಾಲೆ ಬಿಡಿ ಅಂತ ನಾವು ಹೇಳುತ್ತಿಲ್ಲ! ಈಗ ನಮ್ಮೂರುಗಳಲ್ಲಿ ರಾಜಕೀಯ ಅಂದರೆ ಯಾರ ಕಡೆಯವನು ಅನ್ನುವುದಷ್ಟೇ ಆಗಿದೆ. ಪಕ್ಕದ ಬೀದಿಯವರ ಕಷ್ಟಸುಖ ಕೇಳುವುದೂ ರಾಜಕೀಯ ಎಂದು ಗೊರೂರರು ನಡೆದು ತೋರಿಸಿದರು. ಡ್ಯಾಂ ನೋಡಲು ಗೊರೂರಿಗೆ ಹೋಗುವ ನಾವೆಲ್ಲ ಒಮ್ಮೆ ಲೈಬ್ರರಿಯಲ್ಲಿ ‘ಹಳ್ಳಿಯ ಚಿತ್ರಗಳು’ ಕೇಳಿ ತಂದು ಓದೋಣ.