ಮರಿನಾಯಿಯ ಮೊದಲ ಹದಿನಾಲ್ಕು ವಾರಗಳು

ಮನೆಯವರು ಕೆಲಸಕ್ಕೆ ಹೋದಾಗ ನಾಯಿಯನ್ನು ಹಗಲುಹೊತ್ತು ನೋಡಿಕೊಳ್ಳುವ ಡೇಕೇರ್‌ಗಳು ತೀರ ಇತ್ತೀಚಿನವಾದರೂ, ಅಂಥಲ್ಲಿಗೆ ಸೇರಲಿರುವ ಮರಿಯನ್ನು ಹೊಸ ಮನುಷ್ಯರಿಗೂ ಬೇರೆ ನಾಯಿಗಳಿಗೂ ಸದ್ದುಗದ್ದಲಕ್ಕೂ ಎಳೆತನದಲ್ಲೇ ಒಗ್ಗಿಸಬೇಕೆಂಬ ತಿಳಿವಳಿಕೆ ಬಹಳ ಹಳೆಯದು. ಇಂಗ್ಲೆಂಡಿನ ನರಿಬೇಟೆಯ ತಂಡಗಳಲ್ಲಿ ಫಾಕ್ಸ್‌ಹೌಂಡ್ ತಳಿಯ ಮರಿಗಳು ತಾಯಿಹಾಲು ಬಿಟ್ಟ ಕೂಡಲೇ, ಹೆಚ್ಚಾಗಿ ಜೋಡಿಯಾಗಿ, ಸುತ್ತಲಿನ ರೈತರ ಮನೆಗಳಿಗೆ ಹೋಗುತ್ತಿದ್ದವು. ಪಪ್ಪಿ ವಾಕಿಂಗ್ ಎಂದು ಕರೆಯುವ ಈ ಪದ್ಧತಿಯಲ್ಲಿ ಮರಿಗಳು ಕೋಳಿ, ಕುರಿ, ಗಾಡಿ, ಮಕ್ಕಳ ನಡುವೆ ಅಂಗಳದಲ್ಲಿ ಬಿಡುಬೀಸಾಗಿ ಬೆಳೆದು, ಕರೆದರೆ ಬರುವುದನ್ನು ಕಲಿತು, ಮುಂದಿನ ವರ್ಷ ತಂಡದ ದೊಡ್ಡಿಗೆ ಮರಳುತ್ತಿದ್ದವು. ಬೇಸಿಗೆಯಲ್ಲಿ ನಡೆಯುವ ಮರಿಗಳ ಪ್ರದರ್ಶನದಲ್ಲಿ ಚೆನ್ನಾಗಿ ಸಾಕಿದ ಮನೆಯವರಿಗೆ ಬಹುಮಾನ ಸಲ್ಲುತ್ತಿತ್ತು. ದೊಡ್ಡಿಯಲ್ಲೇ ಬೆಳೆದ ಮರಿ ಅಂಜುಬುರುಕವಾಗುತ್ತದೆಂಬುದು ಇವರಿಗೆ ಅನುಭವದಿಂದ ಗೊತ್ತಿತ್ತು.

ಆದರೆ ಈ ಪದ್ಧತಿಯ ಬೆನ್ನಿಗೇ ಒಂದು ಆಪತ್ತೂ ಇತ್ತು. ಬೇಟೆಯ ಕುರಿತು 1781ರಲ್ಲಿ ಪುಸ್ತಕ ಪ್ರಕಟಿಸಿದ ಪೀಟರ್ ಬೆಕ್‌ಫೋರ್ಡ್, ಹೀಗೆ ಹೊರಗೆ ಬೆಳೆಯುವ ಮರಿಗಳನ್ನು ಡಿಸ್ಟೆಂಪರ್ ರೋಗ ಸಾಲುಸಾಲಾಗಿ ಬಲಿ ತೆಗೆದುಕೊಳ್ಳುವುದನ್ನು ದಾಖಲಿಸಿದ್ದಾನೆ. ಜ್ವರ, ಕೆಮ್ಮು, ಭೇದಿಗಳಿಂದ ಮೊದಲಾಗಿ ನರಮಂಡಲದವರೆಗೂ ಹಬ್ಬುವ ಈ ರೋಗಕ್ಕೆ ವೈರಸ್ ಕಾರಣವೆಂದು ಫ್ರಾನ್ಸಿನ ಆಂರಿ ಕಾರೆ ತೋರಿಸಿಕೊಟ್ಟದ್ದು 1905ರಲ್ಲಿ. ಲಂಡನ್ನಿನ ಲೇಡ್ಲಾ ಮತ್ತು ಡಂಕಿನ್ ಅವರ ಸಂಶೋಧನೆಯಿಂದ ಲಸಿಕೆ ಸಿದ್ಧವಾಗಲು 1920ರ ದಶಕದ ಕೊನೆಯವರೆಗೂ ಕಾಯಬೇಕಾಯಿತು. ಮರಿಯನ್ನು ಹೊರಗೆ ಬಿಟ್ಟರೆ ರೋಗ, ಒಳಗಿಟ್ಟರೆ ಅಂಜಿಕೆ ಎಂಬ ಇಕ್ಕಟ್ಟು ಮುಂದಿನ ಇತಿಹಾಸದುದ್ದಕ್ಕೂ ಬೇರೆ ಬೇರೆ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ.

ಅಂಧರಿಗೆ ದಾರಿ ತೋರುವ ನಾಯಿಗಳ ಸಂಸ್ಥೆಗಳು ರೈತರ ಪದ್ಧತಿಯನ್ನೇ ತಮ್ಮದಾಗಿಸಿಕೊಂಡವು. ಅಮೆರಿಕದ ಸೀಯಿಂಗ್ ಐ ಸಂಸ್ಥೆ 1940ರ ದಶಕದಲ್ಲಿ ನ್ಯೂಜೆರ್ಸಿಯ ಗ್ರಾಮೀಣ ಮಕ್ಕಳ ಸಂಘಗಳ ಮೂಲಕ, ಬ್ರಿಟನ್ನಿನ ಸಂಸ್ಥೆ 1956ರಲ್ಲಿ ಸ್ವಯಂಸೇವಕರ ಮೂಲಕ ಮರಿಗಳನ್ನು ಮನೆಗಳಲ್ಲಿ ಬೆಳೆಸತೊಡಗಿದವು. ಕ್ಯಾಲಿಫೋರ್ನಿಯಾದಲ್ಲಿ ಇಂಥ ನಾಯಿಗಳನ್ನು ಆರಿಸುತ್ತಿದ್ದ ಕ್ಲಾರೆನ್ಸ್ ಫಾಫೆನ್‌ಬರ್ಗರ್, ಹನ್ನೆರಡು ವಾರ ದಾಟಿದ ಮೇಲೂ ದೊಡ್ಡಿಯಲ್ಲೇ ಉಳಿದ ಮರಿಗಳು ಮುಂದೆ ತರಬೇತಿಯಲ್ಲಿ ಹೆಚ್ಚಾಗಿ ಸೋಲುವುದನ್ನು ಗಮನಿಸಿ, ಅದನ್ನು ವಿಜ್ಞಾನಿ ಜಾನ್ ಪಾಲ್ ಸ್ಕಾಟ್ ಅವರೊಡನೆ 1959ರಲ್ಲಿ ಪ್ರಕಟಿಸಿದರು.

ಸ್ಕಾಟ್ ಮತ್ತು ಜಾನ್ ಫುಲ್ಲರ್ ಮೇನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿರುವ ಜಾಕ್ಸನ್ ಪ್ರಯೋಗಾಲಯದಲ್ಲಿ ಐದು ತಳಿಗಳ ನಾಯಿಗಳನ್ನು ಹುಟ್ಟಿನಿಂದಲೇ ಗಮನಿಸುತ್ತಿದ್ದರು. ಅಲ್ಲಿಯೇ ಫ್ರೀಡ್‌ಮನ್, ಕಿಂಗ್ ಮತ್ತು ಎಲಿಯಟ್ ನಡೆಸಿ 1961ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಇಲ್ಲಿ ತುಸು ವಿವರವಾಗಿ ನೋಡಬೇಕು. ಕಾಕರ್ ಸ್ಪಾನಿಯಲ್ ತಳಿಯ ಐದು, ಬೀಗಲ್ ತಳಿಯ ಮೂರು ಸೂಲಿನ ಮರಿಗಳು ಎತ್ತರದ ಬೇಲಿಯ ಬಯಲಿನಲ್ಲಿ ಮನುಷ್ಯರ ಒಡನಾಟವಿಲ್ಲದೆ ತಾಯಿಯೊಂದಿಗೆ ಬೆಳೆದವು. ಅವುಗಳಲ್ಲಿ ಕೆಲವನ್ನು ಎರಡನೆಯ, ಕೆಲವನ್ನು ಮೂರನೆಯ, ಇನ್ನು ಕೆಲವನ್ನು ಐದು, ಏಳು, ಒಂಬತ್ತನೆಯ ವಾರದಲ್ಲಿ ಹೊರತಂದು, ಒಂದೇ ಒಂದು ವಾರ ಮನುಷ್ಯರೊಡನೆ ಆಡಲು ಬಿಟ್ಟು ಮತ್ತೆ ಬಯಲಿಗೆ ಸೇರಿಸಲಾಯಿತು. ಐದರಿಂದ ಒಂಬತ್ತನೆಯ ವಾರದ ನಡುವೆ ಈ ಅವಕಾಶ ಪಡೆದ ಮರಿಗಳು ಮನುಷ್ಯರಿಗೆ ಒಗ್ಗಿದವು. ಹದಿನಾಲ್ಕು ವಾರದವರೆಗೂ ಯಾರ ಕೈಯನ್ನೂ ಕಾಣದ ಮರಿಗಳು ಮಾತ್ರ ಕಾಡುಪ್ರಾಣಿಗಳಂತೆ ಹಿಂಜರಿದು ದೂರ ಸರಿದವು, ಆಮೇಲಿನ ಆರೈಕೆಯಿಂದಲೂ ಆ ಅಂಜಿಕೆ ನೀಗುವುದು ಬಹಳ ಕಷ್ಟವಾಯಿತು. ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗಿನ ಈ ಕಾಲಕ್ಕೆ ಸಾಮಾಜೀಕರಣದ ಅವಧಿ, ಎಂದರೆ ಮರಿಯು ಯಾರನ್ನು ತನ್ನವರೆಂದು ನಂಬಬಹುದೆಂದು ಕಲಿಯುವ ಅವಧಿ, ಎಂಬ ಹೆಸರು ನೆಲೆಗೊಂಡಿತು. ಆ ಮರಿಗಳು ತೆತ್ತ ಬೆಲೆ ಸಣ್ಣದಲ್ಲ; ನಂತರದ ಅಸಂಖ್ಯ ಮರಿಗಳು ಅದರ ಋಣದಲ್ಲಿವೆ.

ಈ ತಿಳಿವಳಿಕೆ ಮನೆಮನೆಗೆ ತಲುಪುವ ಮೊದಲೇ, 1978ರ ಸುಮಾರಿಗೆ, ಪಾರ್ವೊ ಎಂಬ ಹೊಸ ವೈರಸ್ ಹಲವು ದೇಶಗಳಲ್ಲಿ ಹಬ್ಬಿ ಮರಿಗಳನ್ನು ರಕ್ತಭೇದಿಯಿಂದ ಕೊಲ್ಲತೊಡಗಿತು. ತಾಯಿಯಿಂದ ಬಂದ ರೋಗನಿರೋಧಕ ಅಂಶಗಳು ರಕ್ತದಲ್ಲಿ ಇರುವವರೆಗೆ ಲಸಿಕೆ ಸರಿಯಾಗಿ ನಾಟುವುದಿಲ್ಲವಾದ್ದರಿಂದ ಹದಿನಾರನೆಯ ವಾರದವರೆಗೂ ಮತ್ತೆಮತ್ತೆ ಲಸಿಕೆ ಕೊಡಬೇಕಾಗುತ್ತದೆ. ಹಾಗಾಗಿ ಲಸಿಕೆಗಳೆಲ್ಲ ಮುಗಿಯುವವರೆಗೆ ಮರಿಯನ್ನು ಹೊರಗೆ ತರಬೇಡಿರೆಂಬ ವೈದ್ಯರ ಸಲಹೆ ಸಾಮಾನ್ಯವಾಯಿತು. ಆದರೆ ಅಷ್ಟರೊಳಗೆ ಸಾಮಾಜೀಕರಣದ ಅವಧಿ ಕಳೆದುಹೋಗಿರುತ್ತಿತ್ತು. ಪಶುವೈದ್ಯ ಇಯಾನ್ ಡನ್‌ಬಾರ್ 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮರಿಗಳನ್ನು ಹಗ್ಗ ಬಿಚ್ಚಿ ಆಡಲು ಬಿಡುವ ತರಗತಿಗಳನ್ನು ಆರಂಭಿಸಿದ್ದು ಇಂಥ ಸಂದರ್ಭದಲ್ಲಿ, ಮತ್ತು ಅದು ನಿಜಕ್ಕೂ ಧೈರ್ಯದ ಹೆಜ್ಜೆ. ಕೊನೆಗೆ 2008ರಲ್ಲಿ ಅಮೆರಿಕದ ಪ್ರಾಣಿವರ್ತನೆಯ ಪಶುವೈದ್ಯರ ಸಂಘ, ಮೊದಲ ಲಸಿಕೆಯಾಗಿ ಏಳು ದಿನ ಕಳೆದ, ಜಂತುಹುಳುವಿನ ಔಷಧಿ ಪಡೆದ ಮರಿಗಳು ಏಳೆಂಟು ವಾರದಲ್ಲೇ ತರಗತಿ ಸೇರಬಹುದೆಂದು ಸಾರಿತು. ಮೂರು ವರ್ಷದೊಳಗಿನ ನಾಯಿಗಳ ಸಾವಿಗೆ ಸೋಂಕಿಗಿಂತ ವರ್ತನೆಯ ದೋಷಗಳೇ ಮುಖ್ಯ ಕಾರಣವೆಂಬ ಮಾತನ್ನೂ ಅದು ಸ್ಪಷ್ಟವಾಗಿ ಹೇಳಿತು, ಏಕೆಂದರೆ ಅಂಜಿ ಕಚ್ಚುವ ನಾಯಿಯನ್ನು ಮನೆಯವರು ಕೈಬಿಡುತ್ತಾರೆ.

ಅನೇಕ ಡೇಕೇರ್‌ಗಳು ಇಂದಿಗೂ ಲಸಿಕೆಗಳ ಸರಣಿ ಮುಗಿಯದ ಮರಿಯನ್ನು ಸೇರಿಸಿಕೊಳ್ಳುವುದಿಲ್ಲವಾದ್ದರಿಂದ, ಹಿಂದೆ ರೈತನ ಅಂಗಳ ಮಾಡುತ್ತಿದ್ದ ಕೆಲಸ ಈಗ ಮನೆಯವರ ಪಾಲಿಗೆ ಬಂದಿದೆ: ಮರಿಯನ್ನು ನೆಲಕ್ಕಿಳಿಸದೆ ತೋಳಿನಲ್ಲೆತ್ತಿಕೊಂಡು ಬೀದಿ ತೋರಿಸುವುದು, ಲಸಿಕೆಯಾದ ಸೌಮ್ಯ ಸ್ವಭಾವದ ದೊಡ್ಡ ನಾಯಿಯೊಂದಿಗೆ ಆಡಲು ಬಿಡುವುದು, ಮಕ್ಕಳಿಗೂ ವೃದ್ಧರಿಗೂ ಪರಿಚಯಿಸುವುದು, ದಿನವೂ ಸ್ವಲ್ಪ ಹೊತ್ತು ಒಂಟಿಯಾಗಿರಲು ಅಭ್ಯಾಸ ಮಾಡಿಸುವುದು, ಆಮೇಲೆ ಡೇಕೇರ್‌ಗೆ ಮೊದಲ ಸಲ ಅರ್ಧ ದಿನಕ್ಕಷ್ಟೇ ಕಳಿಸುವುದು.